ನೆರೆ ಇಳಿದ ಮರುದಿನ: ನದಿ ದಂಡೆಯ ಪಾರ್ಕ್ ಹೊಸದಾಗಿ ಕಟ್ಟುವವರಿಗೆ

ಪಾರ್ಕ್ ಯೋಜನೆಯ ಚಿತ್ರಗಳಲ್ಲಿ ಯಾವಾಗಲೂ ಎಳೆಬಿಸಿಲು. ಒಂದು ಮಗು ಬಲೂನ್ ಹಿಡಿದಿರುತ್ತದೆ, ಯಾರೋ ಸೈಕಲ್ ಹೊಡೆಯುತ್ತಿರುತ್ತಾರೆ, ನದಿ ಕನ್ನಡಿಯ ಹಾಗೆ ಮಲಗಿರುತ್ತದೆ. ಊರಿನ ನದಿ ದಂಡೆಗೆ ಇಂಥ ಚಿತ್ರ ಹಿಡಿದುಕೊಂಡು ಯಾರಾದರೂ ಬಂದರೆ ಒಂದೇ ಒಂದು ಮಾತು ಕೇಳಿ. ನೆರೆ ಇಳಿದ ಮರುದಿನ ಇದು ಹೇಗಿರುತ್ತದೆ? ಆ ಚಿತ್ರ ಎಲ್ಲಿ?

ದೊಡ್ಡ ನಗರಕ್ಕಾದರೆ ಒಂದು ಸಲ ತಪ್ಪಿದರೂ ಮತ್ತೆ ದುಡ್ಡು ಸುರಿಯುವ ತಾಕತ್ತು ಇರುತ್ತದೆ. ಸಣ್ಣ ಊರಿಗೆ ಇಂಥ ಅವಕಾಶ ಒಂದು ತಲೆಮಾರಿಗೆ ಒಮ್ಮೆ ಬಂದರೆ ಹೆಚ್ಚು. ಹಾಗಾಗಿ ಸಣ್ಣ ಊರಿನ ಪಾಲಿಕೆಯವರು, ಸಮಿತಿಯವರು, ಸುಮ್ನೆ ಊರಿನ ಮೇಲೆ ಪ್ರೀತಿ ಇರುವವರು ಈ ಕೆಲಸವನ್ನು ಯಾವ ಕ್ರಮದಲ್ಲಿ ಹಿಡಿಯಬಹುದು ಎಂದು ಇಲ್ಲಿ ಬರೆದಿದ್ದೇನೆ. ಕ್ರಮ ಮುಖ್ಯ. ಮೂರನೇ ಹೆಜ್ಜೆಯಲ್ಲಿ ಮಾಡಬೇಕಾದ್ದನ್ನು ಎಂಟನೇ ಹೆಜ್ಜೆಯಲ್ಲಿ ನೆನಪಿಸಿಕೊಂಡರೆ ಹಾಕಿದ ಕಾಂಕ್ರೀಟನ್ನು ಒಡೆಯಬೇಕಾಗುತ್ತದೆ.

1. ಮೊದಲು ನೋಡಿ, ಎಣಿಸಿ

ನಕ್ಷೆ ಬರೆಯುವವರನ್ನು ಕರೆಯುವ ಮೊದಲು ಜಾಗವನ್ನು ನೋಡಿ. ಸಾಧ್ಯವಾದರೆ ಇಡೀ ಒಂದು ವರ್ಷ. ಆಗದಿದ್ದರೆ ನೀರು ತುಂಬಿರುವ ಕಾಲದಲ್ಲೊಮ್ಮೆ, ಇಳಿದಿರುವ ಕಾಲದಲ್ಲೊಮ್ಮೆ.

ನೋಡಿದ್ದನ್ನು ಬರೆದಿಡಿ. ವಾರದ ನಡುವಿನ ಒಂದು ದಿನ, ರಜೆಯ ಒಂದು ದಿನ ಆರಿಸಿಕೊಳ್ಳಿ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪ್ರತಿ ಗಂಟೆಗೆ 15 ನಿಮಿಷ ಎಣಿಸಿದರೆ ಸಾಕು. ಎಷ್ಟು ಜನ ದಾಟಿ ಹೋದರು, ಎಷ್ಟು ಜನ ನಿಂತರು ಅಥವಾ ಕೂತರು, ಎರಡನ್ನೂ ಬೇರೆ ಬೇರೆ ಬರೆಯಿರಿ. ಇದಕ್ಕೆ ಪೆನ್ನು, ಕಾಗದ, ತಾಳ್ಮೆ ಬಿಟ್ಟು ಬೇರೇನೂ ಬೇಡ. ಕೆಲಸ ಮುಗಿದ ಮೇಲೆ ಇದೇ ಎಣಿಕೆಯನ್ನು ಮತ್ತೆ ಮಾಡಬಹುದು. ಸುರಿದ ದುಡ್ಡಿಗೆ ಏನು ಬಂತು ಎಂದು ಕೇಳುವವರಿಗೆ ಅದೇ ಉತ್ತರ.

ಹುಲ್ಲಿನ ಮೇಲೆ ಜನ ನಡೆದೂ ನಡೆದೂ ಬಿದ್ದ ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ. ಅವು ಸುಳ್ಳು ಹೇಳುವುದಿಲ್ಲ. ಮೀನು ಹಿಡಿಯುವವರು ಎಲ್ಲಿ ಕೂರುತ್ತಾರೆ, ನಾಯಿ ಕರೆದುಕೊಂಡು ಬರುವವರು ಎಲ್ಲಿ ಹಗ್ಗ ಬಿಚ್ಚುತ್ತಾರೆ, ಹುಡುಗರು ಎಲ್ಲಿಂದ ನೀರಿಗೆ ಹಾರುತ್ತಾರೆ, ರಾತ್ರಿ ಅಲ್ಲೇ ಮಲಗುವವರು ಇದ್ದಾರಾ? ಯಾರು ಬರುತ್ತಿಲ್ಲ ಎಂಬುದನ್ನೂ ಗಮನಿಸಿ. ಒಬ್ಬಂಟಿ ಹೆಂಗಸರು ಸಂಜೆ ಆರರ ಮೇಲೆ ಕಾಣದಿದ್ದರೆ, ಗಾಲಿಕುರ್ಚಿಯವರು ಒಬ್ಬರೂ ಇಲ್ಲದಿದ್ದರೆ, ಅದಕ್ಕೆ ಕಾರಣ ಆ ಜಾಗದಲ್ಲೇ ಎಲ್ಲೋ ಇರುತ್ತದೆ. ಹುಡುಕಿ.

1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ನ್ಯೂಯಾರ್ಕಿನ ಬಯಲು ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದರು. ಅವರಿಗೆ ತಿಳಿದದ್ದು ಕೇಳಿದರೆ ನಗು ಬರುವಷ್ಟು ಸರಳ. ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ಇಷ್ಟನ್ನು ತಿಳಿಯಲು ಅಷ್ಟು ಕಷ್ಟಪಡಬೇಕಾ ಅನ್ನಬಹುದು. ಆದರೂ ಕೋಟಿಗಟ್ಟಲೆ ಸುರಿದ ಮೇಲೂ ನೆರಳಲ್ಲಿ ಒಂದು ಬೆಂಚು ಇಲ್ಲದ ಪಾರ್ಕ್‌ಗಳನ್ನು ನಾವು ನೋಡುತ್ತಲೇ ಇದ್ದೇವೆ, ಅಲ್ವಾ?

2. ನದಿಯ ಲೆಕ್ಕ ಮಾಡಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತು ಜನರನ್ನು ದಾರಿ ತಪ್ಪಿಸುತ್ತದೆ. ಹೋದ ವರ್ಷ ಬಂದು ಹೋಯಿತು, ಇನ್ನು 99 ವರ್ಷ ನಿಶ್ಚಿಂತೆ ಎಂದು ತಿಳಿಯುವವರೇ ಹೆಚ್ಚು. ನಿಜವಾದ ಅರ್ಥ ಬೇರೆ. ಪ್ರತಿ ವರ್ಷವೂ ಅಂಥ ನೆರೆ ಬರುವ ಸಾಧ್ಯತೆ 100ರಲ್ಲಿ 1. ನೀವು ಕಟ್ಟುವ ಶೌಚಾಲಯ 30 ವರ್ಷ ಬಾಳಬೇಕು ಎಂದಿಟ್ಟುಕೊಳ್ಳಿ. ಅಷ್ಟರೊಳಗೆ ಆ ನೆರೆಯನ್ನು ಅದು ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು 26%. ಇನ್ನು 20 ವರ್ಷಕ್ಕೊಮ್ಮೆಯ ನೆರೆ? ಬರುವ 10 ವರ್ಷದೊಳಗೇ ಅದು ಬರುವ ಸಾಧ್ಯತೆ ಸುಮಾರು 40%. ನಾಣ್ಯ ಚಿಮ್ಮಿದಾಗಿನ ಸಾಧ್ಯತೆಗೆ ಹತ್ತಿರ.

ನೀರಾವರಿ ಅಥವಾ ಜಲಸಂಪನ್ಮೂಲ ನೋಡಿಕೊಳ್ಳುವ ಇಲಾಖೆಯಿಂದ ಹಳೆಯ ನೆರೆ ಮಟ್ಟಗಳನ್ನು ತನ್ನಿ. ಜೊತೆಗೆ ದಂಡೆಯ ಹತ್ತಿರ ಬಹಳ ವರ್ಷದಿಂದ ಇರುವ ಹಿರಿಯರನ್ನು ಕೇಳಿ. ‘ಆ ಸಲ ಈ ಗೋಡೆಯ ಇಲ್ಲಿಯವರೆಗೆ ಬಂದಿತ್ತು’ ಎಂದು ಅವರು ಬೆರಳಿಟ್ಟು ತೋರಿಸಿದ್ದನ್ನು ಅಳೆದು ದಾಖಲೆಯ ಜೊತೆ ಹೋಲಿಸಿ. ಮಟ್ಟ ಒಂದೇ ಗೊತ್ತಾದರೆ ಸಾಲದು. ನೀರು ಅಲ್ಲಿ ನಿಂತಿತ್ತಾ, ರಭಸದಿಂದ ಹರಿಯುತ್ತಿತ್ತಾ? ನಿಂತ ನೀರು ಬೆಂಚನ್ನು ಒದ್ದೆ ಮಾಡಿ ಹೋಗುತ್ತದೆ. ಹರಿಯುವ ನೀರು ಹೊತ್ತುಕೊಂಡೇ ಹೋಗುತ್ತದೆ.

ನದಿಯ ತಿರುವನ್ನೂ ನೋಡಿ. ಹೊರಬದಿಯ ದಡ ಕೊರೆದು ಹೋಗುತ್ತದೆ, ಒಳಬದಿಯಲ್ಲಿ ಹೂಳು ಕೂರುತ್ತದೆ. ಹೊರಬದಿಯ ಅಂಚಿಗೆ ಹಾಕಿದ ದಾರಿ ಒಂದು ದಿನ ನದಿ ಪಾಲಾಗುತ್ತದೆ. ಒಳಬದಿಗೆ ಕಟ್ಟಿದ ದೋಣಿ ಕಟ್ಟೆ ಕೆಲವೇ ವರ್ಷದಲ್ಲಿ ಕೆಸರಲ್ಲಿ ನಿಲ್ಲುತ್ತದೆ.

ಇಷ್ಟಾದ ಮೇಲೆ ನಕ್ಷೆಯಲ್ಲಿ ಜಾಗವನ್ನು ಮೂರು ಪಟ್ಟಿಯಾಗಿ ಬಣ್ಣ ಹಚ್ಚಿ. ಪದೇ ಪದೇ ಮುಳುಗುವ ಕೆಳಗಿನ ಪಟ್ಟಿಯಲ್ಲಿ ಹುಲ್ಲು, ಗಿಡ, ಕಲ್ಲು, ಒಂದು ಗಟ್ಟಿ ಕಾಲುದಾರಿ, ಬೇಕಿದ್ದರೆ ಅಗಲವಾದ ಕಲ್ಲಿನ ಮೆಟ್ಟಿಲು. ಅಷ್ಟೇ. ಆಗೊಮ್ಮೆ ಈಗೊಮ್ಮೆ ಮುಳುಗುವ ನಡು ಪಟ್ಟಿಯಲ್ಲಿ ಅಡಿಪಾಯಕ್ಕೆ ಬಿಗಿದ ಬೆಂಚು, ಗೋಡೆಯಿಲ್ಲದ ನೆರಳು ಮಂಟಪ, ಆಟದ ಬಯಲು. ಶೌಚಾಲಯ, ವಿದ್ಯುತ್ ಪೆಟ್ಟಿಗೆ, ಅಂಗಡಿ, ಮಕ್ಕಳ ದುಬಾರಿ ಆಟದ ಸಾಮಾನು ಎಲ್ಲ ಮೇಲಿನ ಪಟ್ಟಿಗೆ. ‘ನೀರಿನ ಹತ್ತಿರ ಇದ್ದರೆ ಚೆಂದ’ ಎಂದು ಯಾರಾದರೂ ಶೌಚಾಲಯವನ್ನು ಕೆಳಗೆ ಎಳೆಯುತ್ತಾರೆ. ಬಿಡಬೇಡಿ.

ಮಣ್ಣು ತುಂಬಿ ಎತ್ತರಿಸಿದರಾಯಿತಲ್ಲ ಎನ್ನುವವರೂ ಸಿಗುತ್ತಾರೆ. ಇಲ್ಲಿ ತಡೆದ ನೀರು ಎದುರು ದಡದ ಮನೆಗೋ ಮೇಲ್ಹರಿವಿನ ಹೊಲಕ್ಕೋ ನುಗ್ಗುತ್ತದೆ. ನದಿಯ ಜಾಗವನ್ನು ಕಿತ್ತುಕೊಂಡು ಕಟ್ಟಿದ್ದನ್ನು ಪಾರ್ಕ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನೆದರ್ಲೆಂಡ್ಸಿನ ನೈಮೇಖನ್ ನಗರದಲ್ಲಿ ಇದರ ತದ್ವಿರುದ್ಧ ಮಾಡಿದರು. ವಾಲ್ ನದಿಯ ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ, ನದಿಗೆ ಜಾಗ ಬಿಟ್ಟುಕೊಟ್ಟರು. ನಡುವೆ ಉಳಿದ ದ್ವೀಪ ಈಗ ನದಿ ಪಾರ್ಕ್. ಅದಕ್ಕಾಗಿ ಕೆಲವು ಮನೆಗಳನ್ನು ತೆರವು ಮಾಡಬೇಕಾಯಿತು. ಆ ನೋವನ್ನು ಮರೆಮಾಚುವಂತಿಲ್ಲ.

ನದಿ ಹೇಗೆ ಪಾಠ ಕಲಿಸುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ನೋಡಿ. ಅಲ್ಲಿ 2003ರಲ್ಲಿ ನದಿಯ ಮೇಲೆ ತೇಲುವ ನಡಿಗೆ ದಾರಿ ತೆರೆದರು. ಬಹಳ ಜನಪ್ರಿಯವಾಯಿತು. 2011ರ ಜನವರಿಯ ನೆರೆ ಅದನ್ನು ಕಿತ್ತು ಹಾಕಿತು. ಸುಮಾರು 300 ಮೀಟರ್ ಉದ್ದದ ಒಂದು ತುಂಡು ತೇಲಿಕೊಂಡು ಸೇತುವೆಯ ಕಡೆ ಹೊರಟಾಗ ಹಡಗು ಎಳೆಯುವ ಒಂದು ಪುಟ್ಟ ಟಗ್ ದೋಣಿ ಅದನ್ನು ತಳ್ಳಿ ತಳ್ಳಿ ದಾರಿಗೆ ತಂದಿತು. 2014ರಲ್ಲಿ ಹೊಸ ದಾರಿ ತೆರೆದಾಗ ಅದು ತೇಲುತ್ತಿರಲಿಲ್ಲ. ನದಿತಳಕ್ಕೆ ಇಳಿಸಿದ ಕಂಬಗಳ ಮೇಲೆ ನಿಂತಿತ್ತು.

ಇನ್ನೊಂದು ಸಣ್ಣ ವಿಷಯ. ಹರಿವಿಗೆ ಅಡ್ಡಲಾಗಿ ಉದ್ದನೆಯ ಬೇಲಿ ಹಾಕಬೇಡಿ. ನೆರೆಯಲ್ಲಿ ಕೊಂಬೆ, ಕಸ ಸಿಕ್ಕಿ ಆ ಬೇಲಿಯೇ ಅಣೆಕಟ್ಟಾಗುತ್ತದೆ, ಕೊನೆಗೆ ಬುಡಸಮೇತ ಉರುಳುತ್ತದೆ. ಬೇಲಿ ಬೇಕೇ ಬೇಕು ಅಂದರೆ ಬಿಚ್ಚಿಡಲು ಬರುವಂಥದ್ದು ಅಥವಾ ಮಲಗಿಸಲು ಬರುವಂಥದ್ದು ಇರಲಿ.

3. ಜಾಗ ಯಾರದು, ಕೆಳಗೆ ಏನಿದೆ

ದಂಡೆ ಒಬ್ಬರದ್ದಾಗಿರುವುದು ಅಪರೂಪ. ಸ್ವಲ್ಪ ಪಾಲಿಕೆಯದು, ಸ್ವಲ್ಪ ನೀರಾವರಿಯವರದು, ಸ್ವಲ್ಪ ರೈಲ್ವೆಯದೋ ಖಾಸಗಿಯವರದೋ. ಎಲ್ಲ ದಾಖಲೆ ಒಂದೇ ನಕ್ಷೆಯ ಮೇಲೆ ಬರಲಿ. ಹಿಂದಿನ ಕಾಲದಲ್ಲಿ ಊರಿನ ಕಸ, ಚರ್ಮ ಹದ ಮಾಡುವ ಕೆಲಸ, ಕಾರ್ಖಾನೆ ಎಲ್ಲ ನದಿ ಪಕ್ಕದಲ್ಲೇ ಇರುತ್ತಿದ್ದವು. ಹಾಗಾಗಿ ಮಣ್ಣು ಪರೀಕ್ಷೆ ತಪ್ಪಿಸಬೇಡಿ. ವಿಷ ಇರುವ ಮಣ್ಣು ಕೆಲಸದ ನಡುವೆ ಸಿಕ್ಕರೆ ಬಜೆಟ್ ಅಲ್ಲಿಗೇ ಮುಗಿಯಿತು. ಭೂಮಿಯಡಿಯ ಪೈಪು, ಕೇಬಲ್ಲುಗಳ ನಕ್ಷೆಯನ್ನೂ ಈಗಲೇ ತರಿಸಿ.

4. ಜನರ ಹತ್ತಿರ ಬೇಗ ಹೋಗಿ

ಪ್ಲಾನ್ ಮುಗಿಸಿ, ಬಣ್ಣದ ಬೋರ್ಡ್ ಮಾಡಿ, ಸಂಜೆ ಏಳಕ್ಕೆ ಸಭೆ ಕರೆದರೆ ಬರುವವರು ಯಾವಾಗಲೂ ಬರುವ ಹತ್ತು ಜನ. ಉಳಿದವರಿಗೆ ಕೆಲಸ, ಮಕ್ಕಳು, ಅಡುಗೆ. ಅವರು ಇರುವಲ್ಲಿಗೆ ನೀವೇ ಹೋಗಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ, ಆಟದ ಮೈದಾನದಲ್ಲಿ, ಬಸ್ ನಿಲ್ದಾಣದಲ್ಲಿ.

‘ನಿಮಗೆ ಏನು ಬೇಕು’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರವಾಗಿ ಪಟ್ಟಿ ಬರುತ್ತದೆ: ಕಾರಂಜಿ, ಈಜುಕೊಳ, ಜಿಪ್‌ಲೈನ್. ‘ಕೊನೆಯ ಸಲ ಇಲ್ಲಿಗೆ ಬಂದಾಗ ಏನು ಮಾಡಿದಿರಿ? ಯಾಕೆ ಬೇಗ ಎದ್ದು ಹೋದಿರಿ?’ ಎಂದು ಕೇಳಿ. ನೆರಳಿರಲಿಲ್ಲ, ಅಮ್ಮನಿಗೆ ಇಳಿಯಲು ಆಗಲಿಲ್ಲ, ಶೌಚಾಲಯಕ್ಕೆ ಬೀಗ ಹಾಕಿತ್ತು. ಕೆಲಸಕ್ಕೆ ಬರುವ ಮಾತು ಇಂಥವು.

ಹದಿಹರೆಯದ ಹುಡುಗಿಯರನ್ನು ಬೇರೆಯಾಗಿ ಮಾತಾಡಿಸಿ. ಪಾರ್ಕ್‌ಗಳಲ್ಲಿ ಚಿಕ್ಕ ಮಕ್ಕಳಿಗೆ ಜೋಕಾಲಿ ಇರುತ್ತದೆ, ಹುಡುಗರಿಗೆ ಚೆಂಡಾಟದ ಅಂಕಣ ಇರುತ್ತದೆ, ಇವರಿಗೆ ಏನೂ ಇರುವುದಿಲ್ಲ. ಎದುರು ಬದುರು ಕೂತು ಹರಟುವ ಜಾಗ, ದೊಡ್ಡವರೂ ಆಡಬಹುದಾದ ಜೋಕಾಲಿ, ಹೊರಗೆ ಹೋಗಲು ಎರಡು ದಾರಿ. ದುಬಾರಿಯದ್ದೇನೂ ಅಲ್ಲ.

ಯಾವುದು ಈಗಾಗಲೇ ತೀರ್ಮಾನವಾಗಿದೆ, ಯಾವುದರ ಬಗ್ಗೆ ನಿಜವಾಗಲೂ ಅಭಿಪ್ರಾಯ ಬೇಕು ಎಂದು ಮೊದಲೇ ಹೇಳಿಬಿಡಿ. ಅಭಿಪ್ರಾಯ ಕೇಳಿದ ಹಾಗೆ ಮಾಡಿ ಕಿವಿಗೆ ಹಾಕಿಕೊಳ್ಳದೆ ಇರುವುದಕ್ಕಿಂತ ಕೇಳದೇ ಇರುವುದೇ ವಾಸಿ. ಬಂದ ಸಲಹೆಗಳಲ್ಲಿ ಯಾವುದನ್ನು ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಎಂದು ಒಂದು ಪುಟ ಬರೆದು ಹಂಚಿ.

5. ದಾರಿ ಮೊದಲು

ದುಡ್ಡು ಒಂದೇ ಕೆಲಸಕ್ಕೆ ಸಾಕಾಗುತ್ತದೆ ಎಂದರೆ ದಾರಿ ಮಾಡಿ. ಊರಿನ ಮುಖ್ಯ ಬೀದಿಯಿಂದ ನೀರಿನವರೆಗೆ, ನೀರಿನ ಪಕ್ಕದಲ್ಲಿ ಈ ತುದಿಯಿಂದ ಆ ತುದಿಗೆ. ಎಷ್ಟೋ ಊರುಗಳಲ್ಲಿ ಪಾರ್ಕ್ ಪೇಟೆಯಿಂದ ನೂರು ಹೆಜ್ಜೆ ದೂರದಲ್ಲೇ ಇರುತ್ತದೆ. ಆದರೆ ನಡುವೆ ಒಂದು ಪಾರ್ಕಿಂಗ್ ಬಯಲು, ಒಂದು ಗೋಡೆಯ ಹಿಂಭಾಗ, ದಾಟಲಾಗದ ಒಂದು ರಸ್ತೆ. ಪಾರ್ಕಿನೊಳಗೆ ಮಾಡುವ ಅಲಂಕಾರಕ್ಕಿಂತ ಆ ನೂರು ಹೆಜ್ಜೆ ಸರಿ ಮಾಡಿದರೆ ಜಾಸ್ತಿ ಜನ ಬರುತ್ತಾರೆ.

ಎರಡು ಗಾಲಿಕುರ್ಚಿ ಎದುರು ಬದುರು ದಾಟಲು 1.8 ಮೀಟರ್ ಅಗಲ ಬೇಕು. ಸೈಕಲ್ ಮತ್ತು ನಡೆಯುವವರು ಒಂದೇ ದಾರಿ ಹಂಚಿಕೊಳ್ಳುವುದಾದರೆ 3 ಮೀಟರ್‌ಗಿಂತ ಕಡಿಮೆ ಇಡಬೇಡಿ. ಇಳಿಜಾರಿನ ಲೆಕ್ಕ ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ದಂಡೆ 3 ಮೀಟರ್ ಎತ್ತರ ಇದ್ದರೆ, 14 ಅಡಿ ಹೋದರೆ 1 ಅಡಿ ಇಳಿಯುವ ರ‍್ಯಾಂಪಿಗೆ 42 ಮೀಟರ್ ಉದ್ದ ಬೇಕು. ನಡುನಡುವೆ ನಿಲ್ಲುವ ಸಮತಟ್ಟು ಬೇರೆ. 20ಕ್ಕೆ 1ರ ಇಳಿಜಾರಾದರೆ 60 ಮೀಟರ್. ಇಷ್ಟು ಉದ್ದವನ್ನು ಕೊನೆಯಲ್ಲಿ ತುರುಕಲು ಆಗುವುದಿಲ್ಲ. ನಕ್ಷೆಯ ಮೊದಲ ಗೆರೆಯೇ ಇದಾಗಲಿ. ದಂಡೆಯ ಉದ್ದಕ್ಕೂ ಓರೆಯಾಗಿ ಇಳಿಸಿಬಿಟ್ಟರೆ ಇದು ರ‍್ಯಾಂಪ್ ಅಂತಲೂ ಯಾರಿಗೂ ಅನಿಸುವುದಿಲ್ಲ. ಅಜ್ಜಿ, ತಳ್ಳುಗಾಡಿಯ ಮಗು, ಗಾಲಿಕುರ್ಚಿಯವರು, ಎಲ್ಲ ಒಂದೇ ದಾರಿಯಲ್ಲಿ ಹೋಗುತ್ತಾರೆ. ‘ಅಂಗವಿಕಲರಿಗೆ’ ಎಂಬ ಬೋರ್ಡಿನ ಹಿಂದಿನ ದಾರಿ ಬೇಡ.

6. ನೆರಳು, ಕೂರುವ ಜಾಗ, ಶೌಚಾಲಯ

ಇರುವ ಮರಗಳೇ ಆಸ್ತಿ. ಹೊಸ ಸಸಿ ನೆರಳು ಕೊಡಲು ವರ್ಷಗಟ್ಟಲೆ ಬೇಕು. ಮರಗಳು ಸಾಯುವುದು ಹೆಚ್ಚಾಗಿ ಕೊಡಲಿಯಿಂದಲ್ಲ, ಬುಡದಲ್ಲಿ ಓಡಾಡುವ ಯಂತ್ರಗಳಿಂದ. ಆಸ್ಟ್ರೇಲಿಯಾದ ನಿಯಮವೊಂದು ನೆನಪಿಡಲು ಸುಲಭ. ಎದೆಮಟ್ಟದಲ್ಲಿ ಕಾಂಡದ ಅಡ್ಡಗಲ ಎಷ್ಟೋ ಅದರ 12 ಪಟ್ಟು ದೂರದವರೆಗೆ ಬೇರಿನ ಜಾಗ. ಕಾಂಡ 50 ಸೆಂ.ಮೀ. ಇದ್ದರೆ ಸುತ್ತ 6 ಮೀಟರ್. ಕೆಲಸ ಶುರುವಾಗುವ ಮೊದಲ ದಿನವೇ ಅಷ್ಟಕ್ಕೆ ಬೇಲಿ ಹಾಕಿ. ಗುತ್ತಿಗೆದಾರರು ಸಿಮೆಂಟ್ ಚೀಲ ಜೋಡಿಸಲು ಮರದ ನೆರಳನ್ನೇ ಹುಡುಕುತ್ತಾರೆ.

ಬೆಂಚಿಗೆ ಬೆನ್ನೂ ಕೈಹಿಡಿಯೂ ಇರಲಿ. ವಯಸ್ಸಾದವರು ಎದ್ದೇಳುವುದು ಕೈ ಊರಿ. ಕೆಲವು ನದಿಗೆ ಮುಖ ಮಾಡಿರಲಿ, ಕೆಲವು ಓಡಾಡುವ ಜನರಿಗೆ. ಶೌಚಾಲಯ ಮೇಲಿನ ಪಟ್ಟಿಯಲ್ಲಿ, ಆದರೆ ಆಟದ ಜಾಗದಿಂದ ಕಾಣುವ ಹಾಗೆ.

7. ದಡ ಮತ್ತು ನೀರು

ಗೋಡೆ ಕಟ್ಟಿದರೆ ದಡ ಭದ್ರ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಗೋಡೆ ಬೇಕಾಗುವ ಜಾಗಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಕಡೆ ಆ ನದಿಯ ದಡದ್ದೇ ಆದ ಗಿಡ, ಜೊಂಡು, ಹುಲ್ಲಿನ ಬೇರು, ಬೇಕಾದಲ್ಲಿ ಬುಡಕ್ಕೆ ದೊಡ್ಡ ಕಲ್ಲು, ಬೇರು ಹಿಡಿಯುವವರೆಗೆ ತೆಂಗಿನ ನಾರಿನ ಚಾಪೆ, ಇಷ್ಟು ಸಾಕಾಗುತ್ತದೆ. ಸಿಂಗಾಪುರದ ಬಿಶಾನ್ ಪಾರ್ಕಿನಲ್ಲಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿ.ಮೀ. ಉದ್ದಕ್ಕೆ ಬಳುಕಿ ಹರಿಯುವ ನದಿಯನ್ನಾಗಿ ಮಾಡಿದರು. 2012ರಲ್ಲಿ ತೆರೆಯಿತು. ಒಣ ದಿನಗಳಲ್ಲಿ ಜನ ನೀರಿನ ಅಂಚಿಗೇ ಹೋಗಿ ಕೂರುತ್ತಾರೆ. ಮಳೆ ಬಂದಾಗ ಅದೇ ಜಾಗ ನೀರು ಹೊರುವ ಹಾಸು. ನೀರೇರುವಾಗ ಎಚ್ಚರಿಸಲು ದೀಪ, ಸೈರನ್ ಇವೆ. ಜರ್ಮನಿಯ ಮ್ಯೂನಿಕ್‌ನವರು ಈಸಾರ್ ನದಿಯ 8 ಕಿ.ಮೀ. ಉದ್ದಕ್ಕೆ 2000ರಿಂದ 2011ರವರೆಗೆ ಇಂಥದ್ದೇ ಕೆಲಸ ಮಾಡಿದರು. ಗೋಡೆಯಂಥ ದಡ ಹೋಗಿ ಉರುಟುಗಲ್ಲಿನ ದಡ ಬಂತು.

ಊರಿನ ಚರಂಡಿಗಳು ನದಿಗೆ ಎಲ್ಲಿ ಸೇರುತ್ತವೆ ಎಂದು ನಡೆದು ನೋಡಿ. ಪಾರ್ಕಿನ ನಡುವೆಯೇ ಒಂದು ಪೈಪು ಕಸ ಕಕ್ಕುತ್ತಿದ್ದರೆ ಹೂವಿನ ಪಾತಿ ಹಾಕಿ ಏನು ಫಲ? ಪೈಪಿನ ಬಾಯಿಗೆ ಕಸ ಹಿಡಿಯುವ ಜಾಲರಿ, ಅದರ ಮುಂದೆ ಜೊಂಡು ಬೆಳೆದ ತಗ್ಗು ಮಾಡಿದರೆ ನೀರು ಸೋಸಿ ಹೋಗುತ್ತದೆ. ಜಾಲರಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡುತ್ತಾರೆ ಎಂದು ಅದೇ ದಿನ ಬರೆದಿಡಿ.

ಈಜುವ ಜಾಗ ಮಾಡುವುದಾದರೆ ನೀರಿನ ಪರೀಕ್ಷೆಯನ್ನು ವಾಡಿಕೆ ಮಾಡಿಕೊಳ್ಳಿ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಇಳಿಯಬೇಡಿ ಎಂಬ ಬೋರ್ಡು ಇರಲಿ.

8. ನೋಡಲು ಬರುವವರಿಗೆ

ಪ್ರವಾಸಿಗರಿಗೆಂದೇ ಬೇರೆ ಪಾರ್ಕ್ ಬೇಡ. ಊರಿನವರು ತುಂಬಿರುವ ಜಾಗಕ್ಕೆ ಹೊರಗಿನವರು ತಾವಾಗಿ ಬರುತ್ತಾರೆ. ಊರಿನವರು ಬಿಟ್ಟ ಜಾಗದಲ್ಲಿ ದೊಡ್ಡ ಅಕ್ಷರದ ಫಲಕ ನಿಲ್ಲಿಸಿದರೆ ಒಂದು ಫೋಟೊ ತೆಗೆದು ಹೋಗುತ್ತಾರೆ. ಅವರಿಗೆ ಬೇಕಾದ್ದು ಸಾಮಾನ್ಯ ಸಂಗತಿಗಳು. ಉದ್ದ ಗಾಡಿ ತಿರುಗಿಸಲು ಜಾಗ, ಹೆದ್ದಾರಿಯಿಂದಲೇ ಶುರುವಾಗುವ ಫಲಕ, ಕುಡಿಯುವ ನೀರು, ಪೇಟೆಗೆ ಎಷ್ಟು ನಿಮಿಷದ ನಡಿಗೆ ಎಂಬ ಬರಹ. ಕಾರ್ಯಕ್ರಮ ನಡೆಸಲು ಕಾಯಂ ವೇದಿಕೆಗಿಂತ ಸಮತಟ್ಟು ಹುಲ್ಲುಹಾಸು, ಮೇಲಿನ ಪಟ್ಟಿಯಲ್ಲಿ ಕರೆಂಟ್ ಪೆಟ್ಟಿಗೆ, ಲಾರಿ ಬರುವ ಗಟ್ಟಿ ದಾರಿ ಸಾಕು. ವರ್ಷದಲ್ಲಿ ಆರು ದಿನದ ವೇದಿಕೆ ಉಳಿದ 359 ದಿನ ಕೇವಲ ಕಾಂಕ್ರೀಟ್.

ಬೆಳಕನ್ನು ದಾರಿಗೆ ಹಾಕಿ, ನೀರಿಗೆ ಹಾಕಬೇಡಿ. ಬಾವಲಿ, ಕೀಟ, ಮೀನಿಗೆ ಕತ್ತಲು ಬೇಕು. 3,000 ಕೆಲ್ವಿನ್‌ಗಿಂತ ಹೆಚ್ಚಿಲ್ಲದ, ಅಂದರೆ ಹಳದಿ ಛಾಯೆಯ ದೀಪ, ಕೆಳಮುಖವಾಗಿರಲಿ. ಇಡೀ ಪಾರ್ಕ್ ಬೆಳಗಿಸುವುದಕ್ಕಿಂತ ಒಂದು ದಾರಿಯನ್ನು ಸರಿಯಾಗಿ ಬೆಳಗಿಸಿದರೆ ರಾತ್ರಿ ಯಾವ ಕಡೆ ನಡೆಯಬೇಕು ಎಂದು ಜನರಿಗೆ ಗೊತ್ತಾಗುತ್ತದೆ.

9. ದುಡ್ಡು, ಹಂತ, ನಿರ್ವಹಣೆ

ಕಟ್ಟಲು ದುಡ್ಡು ಸಿಗುತ್ತದೆ. ಅನುದಾನ, ದಾನಿಗಳು, ಉದ್ಘಾಟನೆಯ ಕಲ್ಲು. ಹುಲ್ಲು ಕತ್ತರಿಸಲು ಯಾರೂ ದಾನ ಕೊಡುವುದಿಲ್ಲ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಚೊಂಗ್‌ಗೆಚೊನ್ ತೊರೆಯ ಕಥೆ ಕೇಳಿರಬಹುದು. ಮೇಲ್ಸೇತುವೆ ರಸ್ತೆ ಕೆಡವಿ 2005ರಲ್ಲಿ ಸುಮಾರು 5.8 ಕಿ.ಮೀ. ತೊರೆಯನ್ನು ಮತ್ತೆ ಹೊರತಂದರು. ಅದು ಅದ್ಭುತವೇ. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲನ್ನು ಪಂಪ್ ಮಾಡಿ ತರಬೇಕು. ಪ್ರತಿ ದಿನ. ಆ ನಗರಕ್ಕೆ ಅದು ಸಾಧ್ಯ. ನಿಮ್ಮ ಪಾರ್ಕಿನಲ್ಲಿ ಪಂಪ್ ಬೇಡುವ ವಸ್ತು ಏನೇನಿದೆ ಎಂದು ಪಟ್ಟಿ ಮಾಡಿ, ಕರೆಂಟ್ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಕಾರಂಜಿಯ ಆಸೆ ಆಮೇಲೆ ಅರ್ಧ ಇಳಿಯುತ್ತದೆ.

ಪ್ರತಿ ವಸ್ತುವಿನ ಮುಂದೆ ಮೂರು ಕಾಲಂ ಇರಲಿ: ಕಟ್ಟುವ ಖರ್ಚು, ವರ್ಷದ ಖರ್ಚು, ಬದಲಿಸಬೇಕಾದ ವರ್ಷ. ಎರಡನೇ ಕಾಲಂ ಖಾಲಿ ಇದ್ದರೆ ಆ ವಸ್ತುವನ್ನು ಪಟ್ಟಿಯಿಂದ ತೆಗೆಯಿರಿ. ಬೆಂಚು, ದೀಪ, ಕಸದ ಡಬ್ಬ ಊರಿನಲ್ಲೇ ರಿಪೇರಿ ಆಗುವಂಥದ್ದು ತನ್ನಿ. ಬಿಡಿಭಾಗ ಸಮುದ್ರ ದಾಟಿ ಬರಬೇಕಾದರೆ ಆರು ತಿಂಗಳು ಹಳದಿ ಟೇಪ್ ಸುತ್ತಿಕೊಂಡು ನಿಲ್ಲುತ್ತದೆ.

ಹಂತ ಹಂತವಾಗಿ ಮಾಡಿ, ಆದರೆ ಪ್ರತಿ ಹಂತವೂ ತನ್ನಷ್ಟಕ್ಕೆ ಪೂರ್ತಿ ಇರಲಿ. ಎರಡನೇ ಹಂತದ ದುಡ್ಡು ಬರದೇ ಹೋಗಬಹುದು. ಅರ್ಧ ಸೇತುವೆ ಯಾರಿಗೂ ಬೇಡ. ಸಂಶಯ ಇರುವುದನ್ನು ಮೊದಲು ತಾತ್ಕಾಲಿಕವಾಗಿ ಮಾಡಿ ನೋಡಿ. ಎಲ್ಲಿಗೆ ಬೇಕಾದರೂ ಎಳೆಯಬಹುದಾದ ಕುರ್ಚಿಗಳನ್ನು ಎರಡು ತಿಂಗಳು ಇಡಿ. ಜನ ಎಲ್ಲಿಗೆ ಎಳೆದುಕೊಂಡು ಹೋಗುತ್ತಾರೋ ಅಲ್ಲಿ ಬೆಂಚು ಹಾಕಿ.

10. ನೆರೆಯ ದಿನದ ಕಾಗದ

ಪಾರ್ಕ್ ತೆರೆಯುವ ಮೊದಲೇ ಒಂದು ಪುಟದ ಕಾಗದ ತಯಾರಿರಬೇಕು. ನದಿಯ ಮಟ್ಟ ಎಷ್ಟಾದಾಗ ಕೆಳಗಿನ ದಾರಿ ಮುಚ್ಚಬೇಕು, ಗೇಟ್ ಹಾಕುವವರು ಯಾರು, ಅವರಿಲ್ಲದಿದ್ದರೆ ಯಾರು, ಬಿಚ್ಚುವ ಬೇಲಿಯ ಸ್ಪ್ಯಾನರ್ ಎಲ್ಲಿದೆ, ಕರೆಂಟ್ ಎಲ್ಲಿ ಆರಿಸಬೇಕು. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಓದಿದರೂ ಅರ್ಥವಾಗುವ ಹಾಗೆ ಬರೆಯಿರಿ. ವರ್ಷಕ್ಕೊಮ್ಮೆ, ಬಿಸಿಲಿರುವ ದಿನ, ಬೇಲಿಯನ್ನು ನಿಜವಾಗಿಯೂ ಬಿಚ್ಚಿ ನೋಡಿ. ಬೋಲ್ಟ್ ತುಕ್ಕು ಹಿಡಿದಿರುವುದು ಗೊತ್ತಾಗುವುದು ಆಗಲೇ.

ನೀರು ಇಳಿದ ಮೇಲೆ ಹೂಳನ್ನು ಹಸಿ ಇರುವಾಗಲೇ ತೊಳೆಯಬೇಕು. ಒಣಗಿದರೆ ಗಾರೆಯ ಹಾಗೆ ಕೂರುತ್ತದೆ. ಅದಕ್ಕೆ ಮೆಟ್ಟಿಲ ಮೇಲ್ತುದಿಯಲ್ಲಿ, ನೆರೆ ಮಟ್ಟಕ್ಕಿಂತ ಎತ್ತರದಲ್ಲಿ, ಪೈಪು ಸಿಗಿಸಲು ನಲ್ಲಿ ಇರಲಿ. ಜನರನ್ನು ಒಳಗೆ ಬಿಡುವ ಮೊದಲು ದಡದ ಅಂಚು ಟೊಳ್ಳಾಗಿದೆಯಾ, ಮರಗಳ ಬುಡ ಸಡಿಲವಾಗಿದೆಯಾ, ಆಟದ ಸಾಮಾನಿನ ಕೆಳಗಿನ ಮರಳಿನಲ್ಲಿ ಗಾಜು ಸೇರಿದೆಯಾ ಎಂದು ನೋಡಿ. ದಾರಿ ಪಕ್ಕದ ಒಂದು ಕಂಬದ ಮೇಲೆ ಈ ಸಲ ನೀರು ಎಲ್ಲಿಯವರೆಗೆ ಬಂತು ಎಂದು ಗೆರೆ ಕೊರೆದು ತಾರೀಖು ಹಾಕಿ. ಕಂಬ ಮಾತ್ರ ಉದ್ದನೆಯದ್ದೇ ಇರಲಿ.